ಮಾಯವಾದ ಪಾಳಿ ಪಟ್ಟಿ

ಗೆಳೆಯರೇ, ಇದನ್ನು ನಾನು ಹೇಳುತ್ತಿದ್ದೇನೆ, ತಂಗಿ ಟೈಪ್ ಮಾಡುತ್ತಿದ್ದಾಳೆ. ಇಂದು ನೀರಾವರಿ ಕಚೇರಿಯ ಕಂಪ್ಯೂಟರಿನಲ್ಲಿ ಮಮದಾಪುರದ ರೈತರ ಕಾಲುವೆ ನೀರಿನ ಪಾಳಿ ಪಟ್ಟಿಯನ್ನು ಎರಡು ತಾಸು ಕುಟ್ಟಿದೆ. ಪರದೆಯ ಮೇಲಿನ ಮೂಲೆಯ ಅಡ್ಡಗೆರೆ ಗುರುತಿನ ಮೇಲೆ ಮೌಸ್ ಒತ್ತಿದ್ದೇ ತಡ, ಪಟ್ಟಿಯೇ ಮಾಯ! ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಸಿಕ್ಕಿದ್ದ ದಿನಗೂಲಿ ಕೆಲಸ ಹೋಯಿತೆಂದೇ ತಿಳಿದೆ. ಯಾರೂ ಕೇಳುವ ಮೊದಲೇ ತಪ್ಪೊಪ್ಪಿಗೆಯ ಅರ್ಜಿ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಟೈಪಿಸ್ಟ್ ಶಾಂತಕ್ಕ ಬಂದು ಪರದೆಯ ಬುಡದಲ್ಲಿ ಮೌಸಿನಿಂದ ಒಂದು ಸಲ ಒತ್ತಿದರು. ಪಟ್ಟಿ ಮೇಲೆದ್ದು ಬಂತು.

"ಎಲ್ಲೀ ಹೋಗಿಲ್ಲೋ ತಮ್ಮಾ, ತೆಳಗ ಕುಂತಿತ್ತು!"

ಅರ್ಜಿ ವಾಪಸು ತರಲು ಓಡಿದೆ. ಸಾಹೇಬರು ಆಗಲೇ ಓದಿ ನಗುತ್ತಿದ್ದರು.

"ಭಾಳ ಚಂದ ಬರದೀಯಪ್ಪಾ. ನಾಳೆ ಇದನ್ನೂ ಕಂಪ್ಯೂಟರದಾಗ ಟೈಪ್ ಮಾಡಿ ತೊಗೊಂಡು ಬಾ."

ಅದೂ ಮಾಯವಾದರೆ ಯಾವ ಅರ್ಜಿ ಬರೆಯಲಿ?