ನಮ್ಮನೆ ಕೂ

ಇವಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಎಸ್ಟೇಟಿನ ರೈಟರು. ಲೈನ್‌ಮನೆಗಳಲ್ಲಿರುವ ನಮ್ಮಂಥ ಕೂಲಿಯವರ ಹಾಜರಿ ಬರೆಯುವವರು ಅವರೇ. ನಾನು ಮೂಡಿಗೆರೆಯಲ್ಲಿ ಪಿಯುಸಿ ಪಾಸಾದ ಸುದ್ದಿಯನ್ನು ಅವ್ವ ಬೆಳಗಿನ ಹಾಜರಿಗೆ ನಿಂತಾಗ ಹೇಳಿದಳು. ಅವರು ತಲೆ ಎತ್ತದೆ, “ನಮ್ಮ ಲೈನ್‌ಮನೆಯಿಂದ ಇಲ್ಲೀತನಕ ಯಾರಾದ್ರೂ ಡಿಗ್ರಿ ಮುಗಿಸಿದಾರಾ? ಅದೂ ನಿನ್ನ ಮಗಳು! ಆ ಗಂಟಲು ತಗೊಂಡು ಹೋದ್ರೆ ಕಾಲೇಜಿನ ಗೇಟಲ್ಲೇ ವಾಪಸ್ ಕಳಿಸ್ತಾರೆ,” ಅಂದರು. ಎಲ್ಲರೂ ನಕ್ಕರು. ಅವ್ವನೂ ನಕ್ಕಳಂತೆ.

ಗಂಟಲಿನ ವಿಷಯ ಸುಳ್ಳಲ್ಲ. ಬಾಳೂರು ಕಡೆಯ ರೊಬಸ್ಟ ಕಾಫಿ ತೋಟದಲ್ಲಿ ಗಿಡ ಆಳೆತ್ತರ ಬೆಳೆದಿರುತ್ತದೆ. ಹಣ್ಣು ಕೊಯ್ಯುವವರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಒಳಗೆ ಹೋದರೆ ಪಕ್ಕದ ಸಾಲಿನವರೂ ಕಾಣುವುದಿಲ್ಲ. ಅದಕ್ಕೇ ಕೂ ಹಾಕುವುದು. ಒಂದೊಂದು ಮನೆಯವರದು ಒಂದೊಂದು ಬಗೆ. ನಮ್ಮನೆಯದು ಉದ್ದಕ್ಕೆ ಎಳೆದು ಕೊನೆಯಲ್ಲಿ ಪಟಕ್ಕನೆ ಕತ್ತರಿಸುವುದು. ಊಟಕ್ಕೆ ಕರೆಯಲಿಕ್ಕೆ, ಆನೆ ಇಳಿದಿದೆ ಎನ್ನಲಿಕ್ಕೆ, ಏನೂ ಇಲ್ಲದಿದ್ದರೂ ಸುಮ್ಮನೆ ‘ಇದ್ದೀಯಾ’ ಎಂದು ಕೇಳಲಿಕ್ಕೆ ಅದೇ ಕೂ. ರಜೆಯಲ್ಲಿ ಅವ್ವನ ಜೊತೆ ಹೋದಾಗ ನಾನು ಹಾಕಿದ್ದು ಹಳ್ಳ ದಾಟಿ ಆಚೆ ಎಸ್ಟೇಟಿನವರಿಗೂ ಕೇಳುತ್ತಿತ್ತು. “ನಿನ್ನ ಮಗಳಿದ್ರೆ ಸೈರನ್ ಬೇಡ ಮಾರಾಯ್ತಿ,” ಎಂದು ಮೇಸ್ತ್ರಿ ಅವ್ವನಿಗೆ ಹೇಳುತ್ತಿದ್ದರು. ನನಗದು ಬಿರುದು ಕೊಟ್ಟ ಹಾಗೆ. ಆಗ ಯಾರಾದರೂ ‘ನೀನು ಯಾರು’ ಎಂದು ಕೇಳಿದ್ದರೆ ನಾನು ಹೆಸರು ಹೇಳುತ್ತಿರಲಿಲ್ಲವೇನೋ, ಕೂ ಹಾಕುತ್ತಿದ್ದೆ.

ಚಿಕ್ಕಮಗಳೂರಿನ ಬಸ್ಸು ಹತ್ತಿಸುವಾಗ ಅವ್ವ ಕಿಟಕಿಯ ಹತ್ತಿರ ಬಂದಳು. ಹೇಳಿದ್ದು ಒಂದೇ. “ಅಲ್ಲಿ ಮೆಲ್ಲಗೆ ಮಾತಾಡು. ರೈಟರ ಮಾತು ನಿಜ ಮಾಡ್ಬೇಡ.”

ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು ಪೇಟೆಯ ಅಂಗಡಿಯವರ ಮಗಳು. ಒಳ್ಳೆಯವಳೇ. “ನೀನು ನನ್ನ ಕೇಳಿದ್ರೆ ಪಕ್ಕದ ರೂಮಿನವ್ರು ಉತ್ತರ ಕೊಡ್ತಾರಲ್ಲೇ!” ಎಂದು ನಗುತ್ತಿದ್ದಳು. ವಾರ್ಡನ್ ಮೇಡಂ ನಗಲಿಲ್ಲ. ಊಟದ ಹಾಲಿನಲ್ಲಿ ಎಲ್ಲರೆದುರು, “ಇದೇನು ನಿಮ್ಮ ಎಸ್ಟೇಟಾ?” ಎಂದರು. ಅವತ್ತಿನಿಂದ ನಾನು ಅರ್ಧ ಉಸಿರಿನಲ್ಲಿ ಮಾತಾಡುವುದು ಕಲಿತೆ. ಹೊಟ್ಟೆಯಿಂದ ಬರುವ ದನಿಯನ್ನು ಗಂಟಲಿನಲ್ಲೇ ತಡೆದು, ತೆಳ್ಳಗೆ ಮಾಡಿ ಬಿಡುವುದು. ಅಕೌಂಟೆನ್ಸಿಗಿಂತ ಅದೇ ಕಷ್ಟವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಅದೇ ನನ್ನ ದನಿಯಾಯಿತು.

ದಸರಾ ರಜೆಗೆ ಬಂದಾಗ ಲೈನ್‌ನವರು ಸುತ್ತ ಕೂತು ನನ್ನ ಮಾತು ಕೇಳಿದರು. “ಎಷ್ಟು ನಯ ನೋಡು, ಟೀವಿಯವ್ರ ಹಾಗೆ,” ಎಂದರು. ಅವ್ವನ ಮುಖ ನೋಡಬೇಕಿತ್ತು. ಮಾರನೆ ದಿನ ಊಟದ ಹೊತ್ತಿಗೆ ಮೇಲಿನ ತೋಟದಿಂದ ಅವಳ ಕೂ ಬಂತು. ನಾನು ತಿರುಗಿ ಹಾಕಲಿಲ್ಲ. ಡಿಗ್ರಿ ಓದುವವಳು ಹಾಗೆಲ್ಲ ಕಿರುಚುವುದು ಸರಿಯಲ್ಲ ಎಂದು ನನಗೂ ಅನಿಸಿಬಿಟ್ಟಿತ್ತು. ಬುತ್ತಿ ಹಿಡಿದು ಹತ್ತಿ ಹೋದೆ. “ಕೇಳ್ಲಿಲ್ವಾ?” ಅಂದಳು. “ಕೇಳ್ತು, ಅದಕ್ಕೇ ಬಂದೆ,” ಅಂದೆ. ಅವಳು ಬುತ್ತಿ ತೆಗೆದುಕೊಂಡಳು. ಆಮೇಲಿನ ರಜೆಗಳಲ್ಲಿ ಅವಳು ನನಗೆ ಕೂ ಹಾಕಲಿಲ್ಲ, ಫೋನ್ ಮಾಡುತ್ತಿದ್ದಳು. ತೋಟದೊಳಗೆ ನೆಟ್‌ವರ್ಕ್ ಸಿಗದೆ ಅದು ಅರ್ಧಕ್ಕೇ ಕಟ್ಟಾಗುತ್ತಿತ್ತು.

ನಾನು ಪಾಸಾದೆ. ಇದನ್ನು ಜೋರಾಗಿಯೇ ಬರೆಯುತ್ತೇನೆ. ಮನೆಯಲ್ಲಿ ಹೇಳಿಕೊಡುವವರಿಲ್ಲದೆ, ಇಂಗ್ಲಿಷಿನ ಒಂದೊಂದು ಸಾಲನ್ನೂ ಕಲ್ಲು ಎತ್ತಿದ ಹಾಗೆ ಎತ್ತಿ ಪಾಸಾದೆ. ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಓದಿಗೂ ದನಿಗೂ ಸಂಬಂಧವೇ ಇರಲಿಲ್ಲ ಎನ್ನುವುದು ಮಾತ್ರ ತಡವಾಗಿ ತಿಳಿಯಿತು. ಪರೀಕ್ಷೆಯಲ್ಲಿ ಯಾರೂ ನನಗೆ ಮೆಲ್ಲಗೆ ಬರೆ ಎಂದಿರಲಿಲ್ಲವಲ್ಲ.

ಈಗ ಕಳಸದಲ್ಲಿ ಒಂದು ಸೊಸೈಟಿಯ ಕೌಂಟರಿನಲ್ಲಿ ಕೂರುತ್ತೇನೆ. ಮೆಣಸು, ಅಡಿಕೆ ಬೆಳೆಯುವ ವಯಸ್ಸಾದವರು ಕಿವಿಗೆ ಕೈ ಇಟ್ಟು ಮುಂದೆ ಬಾಗಿ, “ಸ್ವಲ್ಪ ಬಾಯಿ ಬಿಟ್ಟು ಹೇಳಿ ಮೇಡಂ,” ಎನ್ನುತ್ತಾರೆ. ನಾನು ಬಿಟ್ಟೇ ಹೇಳುತ್ತಿರುತ್ತೇನೆ. ಭಾನುವಾರ ಊರಿಗೆ ಹೋದಾಗ ಹಳ್ಳದ ಹತ್ತಿರ ನಿಂತು ಕೂ ಹಾಕಿ ನೋಡುತ್ತೇನೆ. ಎಳೆತ ಬರುತ್ತದೆ, ಕೊನೆಯ ಕತ್ತರಿಸುವಿಕೆ ಬರುವುದಿಲ್ಲ. ಲೈನ್‌ನ ಮಕ್ಕಳು ನಗುತ್ತವೆ. ನಗಲಿ ಬಿಡಿ.

ಹೀಗೆ ಮತ್ತೆ ಕೂ ಹಾಕಿ ನೋಡುವುದು ಶುರುವಾದದ್ದು ಸರ್ಟಿಫಿಕೇಟ್ ತಂದ ದಿನ. ಕಾಲೇಜಿನವರು ಸಮಾರಂಭಕ್ಕೆ ಮನೆಯವರನ್ನೂ ಕರೆದಿದ್ದರು. ಅವ್ವ ಬರಲಿಲ್ಲ. “ಹಣ್ಣಿನ ಟೈಮು. ಮತ್ತೆ ನಿನ್ನ ಹೆಸರು ಕೂಗಿದಾಗ ನಾನು ಸುಮ್ನೆ ಕೂರೋಳಲ್ಲ. ನಿನ್ನ ಮರ್ಯಾದೆ ಹೋಗ್ತದೆ,” ಅಂದಿದ್ದಳು. ನನ್ನ ಹೆಸರು ಕರೆದಾಗ ಚಪ್ಪಾಳೆ ಬಿತ್ತು, ಎಲ್ಲರಿಗೂ ಬಿದ್ದಷ್ಟೇ. ಅಲ್ಲಿ ಒಂದು ಕೂ ಎದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ಬಾಳೂರಿನಲ್ಲಿ ಜೀಪಿಳಿದು ನೇರ ತೋಟಕ್ಕೆ ಹೋದೆ. ಗಿಡಗಳ ನಡುವೆ ಹಣ್ಣು ಚೀಲಕ್ಕೆ ಬೀಳುವ ಸದ್ದು ಬಿಟ್ಟರೆ ಯಾರೂ ಕಾಣುತ್ತಿರಲಿಲ್ಲ. “ಅವ್ವಾ,” ಎಂದೆ. ಇನ್ನೂ ನಾಲ್ಕು ಸಾಲು ದಾಟಿ, “ಅವ್ವಾ, ನಾನು,” ಎಂದೆ. ಉತ್ತರವಿಲ್ಲ. ಸದ್ದು ಮಾತ್ರ ಎಲ್ಲೋ ಹತ್ತಿರದಲ್ಲೇ ನಡೆದಿತ್ತು. ಚಗಳಿ ಇರುವೆ ಕುತ್ತಿಗೆಗೆ ಹತ್ತಿ ಕಚ್ಚತೊಡಗಿತು. ಮೂರು ವರ್ಷ ಓದಿ ಬಂದು ಹತ್ತು ಮಾರು ದೂರದ ಅವ್ವನನ್ನು ಕರೆಯಲಾಗದೆ ನಿಂತಿದ್ದೆ. ಕೊನೆಗೆ ಕಣ್ಣು ಮುಚ್ಚಿ ಕೂ ಹಾಕಿದೆ. ಒಡಕು ದನಿ, ಎಲ್ಲೋ ಶುರುವಾಗಿ ಎಲ್ಲೋ ಸತ್ತುಹೋಯಿತು.

ಎರಡು ಸಾಲಿನಾಚೆಯಿಂದಲೇ ಅವಳ ಕೂ ಬಂತು. ಅದರ ಹಿಂದೆಯೇ ಗಿಡ ಸರಿಸಿಕೊಂಡು, ಸೊಂಟದ ಚೀಲದ ಸಮೇತ ಅವಳೂ ಬಂದಳು. ಕೈಯೆಲ್ಲ ಹಣ್ಣಿನ ಅಂಟು. ಸೆರಗಿನಲ್ಲಿ ಒರೆಸಿ, ಸಾಲದೆ ಇನ್ನೊಮ್ಮೆ ಒರೆಸಿ, ನಾನು ಕೊಟ್ಟ ಸರ್ಟಿಫಿಕೇಟನ್ನು ಅಂಚಿನಲ್ಲಿ ಮಾತ್ರ ಹಿಡಿದುಕೊಂಡಳು. ಓದಲು ಬಾರದಿದ್ದರೂ ಮೇಲಿಂದ ಕೆಳತನಕ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಆವಾಗಿಂದ ಯಾರೋ ಯಾರನ್ನೋ ಕರೀತಿದ್ರು, ನೀನಂತ ಗೊತ್ತೇ ಆಗ್ಲಿಲ್ಲ,” ಅಂದಳು. “ಮೆಲ್ಲಗೆ ಮಾತಾಡು ಅಂದಿದ್ದು ನಾನೇ ಹೌದು. ಇಷ್ಟು ಮೆಲ್ಲಗೆ ಅಂದಿರ್ಲಿಲ್ಲ ಮಾರಾಯ್ತಿ.”