ಯಾವ ಫ್ಯಾನ್ ಹಾಕಿದರೂ ನಿಲ್ಲದ ಸಪ್ಪಳ

ಹೋದ ವರ್ಷದ ಬೇಸಿಗೆಯಲ್ಲಿ ಕಂಪ್ಯೂಟರ್ ಫ್ಯಾನಿನ ಸಲುವಾಗಿ ಜಗಳಕ್ಕೆ ಹೋಗಿ ನಾನು ಬದುಕಿಕೊಂಡೆ. ಕೇಳಿದವರು ನಗುತ್ತಾರೆ. ನಗಲಿ.

ಟಿಕೋಟಾದ ನಮ್ಮ ಮನೆಯಲ್ಲೇ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಅರ್ಜಿ, ಯಾರು ಏನು ತಂದರೂ ಸರಿ. ಮದುವೆಯ ಹಂಗಾಮು ಜೋರಾಗಿದ್ದಾಗಲೇ ಕಂಪ್ಯೂಟರ್ ಮಧ್ಯಾಹ್ನದ ಹೊತ್ತು ತಾನೇ ಬಂದ್ ಬೀಳತೊಡಗಿತು. ವರನ ಹೆಸರು ಮುಗಿಸಿ ವಧುವಿನ ಹೆಸರಿಗೆ ಬರುವಷ್ಟರಲ್ಲಿ ಪರದೆ ಕಪ್ಪು. ಕೊನೆಗೆ ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಹೋದೆ.

ರಿಪೇರಿ ಅಂಗಡಿಯ ರಫೀಕ್ ಭಾಯ್ ಡಬ್ಬಿ ಬಿಚ್ಚಿದರು. ಒಳಗಿನ ಫ್ಯಾನಿನ ಎಲೆಗಳ ಮೇಲೆ ಕೌದಿಯಷ್ಟು ದಪ್ಪ ಧೂಳು.

"ಅಕ್ಕಾರ, ಇದು ಸತ್ತು ಎಷ್ಟು ದಿನಾ ಆತೋ ಏನೋ. ಹೊಸಾದು ಹಾಕೂಣು. ಬಣ್ಣದ ಲೈಟ್ ಇದ್ದದ್ದು ಬೇಕೋ, ಸಾದಾದ್ದೋ?"

"ಲೈಟ್ ತಗೊಂಡು ಏನ್ ಮಾಡ್ಲಿ? ನಾ ಏನ್ ಆರ್ಕೆಸ್ಟ್ರಾ ನಡಸ್ತೇನಿ? ಸಪ್ಪಳ ಮಾಡಬಾರದು, ಅಷ್ಟ."

ಹೊಸ ಫ್ಯಾನ್ ಕೂತ ಮೇಲೆ ಕಂಪ್ಯೂಟರ್ ಬಂದ್ ಬೀಳುವುದು ನಿಂತಿತು. ಆದರೆ ಮನೆಗೆ ಬಂದು ಕೆಲಸಕ್ಕೆ ಕೂತರೆ ಒಂದು ಸಪ್ಪಳ. ಹುಸ್, ಹುಸ್, ಹುಸ್. ಪಕ್ಕದಲ್ಲಿ ಯಾರೋ ಕೂತು ಒಲೆ ಊದುತ್ತಿರುವ ಹಾಗೆ. ಅದರ ಬೆನ್ನಿಗೇ ನನಗೆ ತಲೆನೋವು ಬೇರೆ ಶುರುವಾಯಿತು, ರಾತ್ರಿ ಮಲಗಿದರೂ ಸಪ್ಪಳ ಕಿವಿ ಬಿಡುತ್ತಿರಲಿಲ್ಲ. ಎಲ್ಲ ಈ ಫ್ಯಾನಿಂದಲೇ ಎಂದು ಖಾತ್ರಿ ಮಾಡಿಕೊಂಡೆ.

ನಮ್ಮ ಯಜಮಾನರು ಬಬಲೇಶ್ವರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರು. ಅವರು ಡಬ್ಬಿಗೆ ಕಿವಿ ಹಚ್ಚಿ, "ಏನೂ ಕೇಳಸೂದುಲ್ಲಲ್ಲ, ಬರೇ ಗಾಳಿ ಸಪ್ಪಳ" ಎಂದರು. ದಿನವಿಡೀ ಸೀಟಿ ಊದುವವರ ಕಿವಿ ಅದು, ಅದನ್ನು ನಂಬುವುದುಂಟೇ ಎಂದು ನಾನು ಬಿಟ್ಟೆ. ಮತ್ತೆ ಚಾದರ ಕಟ್ಟಿದೆ.

ರಫೀಕ್ ಭಾಯ್ ಬೇಸರ ಮಾಡಿಕೊಳ್ಳಲಿಲ್ಲ. "ಸಣ್ಣ ಫ್ಯಾನ್ ಜೋರ ತಿರಗಬೇಕಾಕ್ಕೈತ್ರಿ, ಅದಕ್ಕ ಸಪ್ಪಳ. ದೊಡ್ಡದು ಹಾಕಿದ್ರ ನಿಧಾನ ತಿರಗಿದ್ರೂ ಅಷ್ಟ ಗಾಳಿ ಕೊಡ್ತೈತಿ" ಎಂದು ಡಬ್ಬಿಯ ಹಿಂದೆ ಅಂಗೈಗಿಂತ ದೊಡ್ಡದೊಂದನ್ನು ಕೂರಿಸಿದರು. ಲ್ಯಾಪ್‌ಟಾಪ್ ತೆಗೆದುಕೊಂಡರೆ ಹೇಗೆ ಎಂದು ಕೇಳಿದೆ. "ಬ್ಯಾಡ್ರಿ, ಅದರಾಗಿನ ಫ್ಯಾನ್ ಹಪ್ಪಳದಷ್ಟು ತೆಳ್ಳಗ ಇರ್ತೈತಿ, ಬಿಸಿ ಆತಂದ್ರ ಇನ್ನೂ ಚೀರತೈತಿ" ಎಂದರು.

ಸಪ್ಪಳ ನಿಲ್ಲಲಿಲ್ಲ. ಮೊಬೈಲಿನಲ್ಲಿ ಹಿಡಿದು ಅವರಿಗೆ ಕಳಿಸಿದೆ. "ಇದರಾಗ ಗಿರಣಿ ಸಪ್ಪಳ ಬಿಟ್ರ ಏನೂ ಇಲ್ಲಲ್ರಿ ಅಕ್ಕಾರ" ಎಂದು ಉತ್ತರ ಬಂತು. ನಮ್ಮ ಪಕ್ಕದ ಮನೆ ಹಿಟ್ಟಿನ ಗಿರಣಿ, ಅದು ನಿಜ. ಆದರೆ ಗಿರಣಿಯ ಸಪ್ಪಳಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯದಷ್ಟು ನಾನು ಕಿವುಡಿಯಲ್ಲ. ಮೂರನೇ ಸಲ ಹೋದಾಗ ಅವರು ಪ್ರೊಸೆಸರಿನ ಮೇಲಿನ ಕೂಲರನ್ನೇ ಪೂರ್ತಿ ಬದಲಾಯಿಸಿದರು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಸದ್ದಿಲ್ಲದ್ದು ಇದೇ ಎಂದು ಆಣೆ ಮಾಡಿದರು. ಮನೆಗೆ ಬಂದು ಹಚ್ಚಿದೆ. ಹುಸ್, ಹುಸ್.

ನಾಲ್ಕನೇ ಸಲ ಜಗಳ ಆಡುವುದಕ್ಕೆಂದೇ ಹೋದೆ. ಬಿಸಿಲಿಗೆ ಬಸ್ಸಿನ ಸೀಟು ಕಾದಿತ್ತು. ತೊರವಿ ದಾಟುವಾಗ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಂಗಡಿಗೆ ಹೋಗಿ ಅಂದೆ ಕೂಡ. ರಫೀಕ್ ಭಾಯ್ ಎಲ್ಲ ಕೇಳಿಸಿಕೊಂಡು, ಕಂಪ್ಯೂಟರ್ ಹಚ್ಚಿ, ಅಂಗಡಿಯ ಸೀಲಿಂಗ್ ಫ್ಯಾನ್ ಬಂದ್ ಮಾಡಿ, ಕಾಯುತ್ತಿದ್ದ ಇಬ್ಬರು ಗಿರಾಕಿಗಳಿಗೆ ಸುಮ್ಮನಿರಲು ಹೇಳಿದರು. "ಎಲ್ಲಿಂದ ಬರಾಕತ್ತೈತಿ ತೋರಸ್ರಿ ಅಕ್ಕಾರ."

ನಾನು ಕಣ್ಣು ಮುಚ್ಚಿ ಡಬ್ಬಿಗೆ ಕಿವಿ ಹಚ್ಚಿದೆ. ಕೈ ಎತ್ತಿ, "ಕೇಳ್ರಿ, ಹುಸ್... ಹುಸ್..." ಎಂದೆ. ಸ್ವಲ್ಪ ಹೊತ್ತಿಗೆ ಸಪ್ಪಳ ಇನ್ನೂ ಚೊಕ್ಕವಾಗಿ ಕೇಳಿತು. "ಹಾಂ! ಈಗ ನೋಡ್ರಿ, ಎಷ್ಟು ಛಲೋ ಕೇಳಸಾಕತ್ತೈತಿ! ಈಗರೆ ಒಪ್ಪಕೋರಿ!"

ಆಮೇಲೆ ರಫೀಕ್ ಭಾಯ್ ಮೆಲ್ಲಗೆ ಅಂದರು: "ಅಕ್ಕಾರ, ಕರೆಂಟ್ ಹೋಗೈತ್ರಿ."

ಕಣ್ಣು ತೆರೆದೆ. ಟ್ಯೂಬ್‌ಲೈಟ್ ಆರಿತ್ತು. ಪರದೆ ಕಪ್ಪಾಗಿತ್ತು. ಡಬ್ಬಿಯೊಳಗೆ ಫ್ಯಾನುಗಳೆಲ್ಲ ನಿಂತಿದ್ದವು. ಸಪ್ಪಳ ಮಾತ್ರ ನಡೆದೇ ಇತ್ತು.

ಗಿರಾಕಿಗಳು ನಕ್ಕರು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ರಫೀಕ್ ಭಾಯ್ ನಗಲಿಲ್ಲ. ಸ್ಟೂಲ್ ಎಳೆದು, "ಕೂಡ್ರಿ" ಎಂದರು. "ನಾಡಿ ಮ್ಯಾಲ ಬೆರಳ ಇಟಗೋರಿ. ಸಪ್ಪಳ ನಾಡಿ ಜೋಡೀನ ಬಡೀತೈತೇನು ನೋಡ್ರಿ."

ಇಟ್ಟು ನೋಡಿದೆ. ಬೆರಳಿಗೆ ಒಂದು ಬಡಿತ, ಕಿವಿಯಲ್ಲಿ ಒಂದು ಹುಸ್. ಒಂದೂ ತಪ್ಪಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

"ನಮ್ಮ ಅಬ್ಬಾ ಹಿಂಗ ಅಂತಿದ್ರು" ಎಂದರು ಅವರು. "ಗ್ವಾಡ್ಯಾಗ ಏನೋ ಬಡ್ಯಾಕತ್ತೈತಿ, ಕೇಳ್ರಿ ಅಂತ. ನಾವೆಲ್ಲಾ ನಕ್ಕು ಬಿಟ್ವಿ. ಲಕ್ವಾ ಹೊಡದ ಮ್ಯಾಲ ಡಾಕ್ಟರ್ ಹೇಳಿದ್ರು, ಬಿಪಿ ಭಾಳ ಇತ್ತಂತ. ಆಮ್ಯಾಲ ಅಬ್ಬಾ ಮಾತಾಡಲೇ ಇಲ್ಲ, ಹಂಗ ಹೋದ್ರು. ಏಳ್ರಿ, ದವಾಖಾನಿಗೆ ಹೋಗೂಣು."

"ನನಗ ಬಸ್ಸಿಗೆ ಹೊತ್ತಾಕ್ಕೈತಿ" ಎಂದೆ.

"ಬಸ್ ನಾಳೆನೂ ಇರ್ತೈತ್ರಿ."

ಗಿರಾಕಿಗಳನ್ನು ಕಳಿಸಿ, ಶಟರ್ ಎಳೆದು, ಆಟೋದಲ್ಲಿ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ನಂಬದವರಂತೆ ಇನ್ನೊಂದು ತೋಳಿಗೂ ಕಟ್ಟಿ ನೋಡಿದರು. ಜೊತೆಗೆ ಬಂದವರು ಯಾರು, ಏನಾಗಬೇಕು ಎಂದು ಕೇಳಿದಾಗ ರಫೀಕ್ ಭಾಯ್, "ತಮ್ಮ ಅಂತ ಬರಕೋರಿ" ಎಂದರು. ಇನ್ನು ಕೆಲವು ದಿನ ಹೀಗೇ ಬಿಟ್ಟಿದ್ದರೆ ಮಿದುಳಿನ ನರ ಒಡೆಯಬಹುದಿತ್ತು ಎಂದರು ಡಾಕ್ಟರಮ್ಮ. ಅವತ್ತು ಮನೆಗೆ ಬಿಡಲಿಲ್ಲ. ಯಜಮಾನರು ಬಬಲೇಶ್ವರದಿಂದ ಹಾಗೇ ಓಡಿ ಬಂದರು, ಸೀಟಿ ಕೊರಳಲ್ಲೇ ಇತ್ತು. ಮಂಚದ ಪಕ್ಕ ಕೂತರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದೇ ಅವತ್ತು.

ಗುಳಿಗೆ ಶುರುವಾದ ಮೇಲೆ ಸಪ್ಪಳ ಬರಬರುತ್ತ ಇಳಿಯಿತು. ಒಂದು ಮುಂಜಾನೆ ಎದ್ದರೆ ಇರಲೇ ಇಲ್ಲ. ತಲೆನೋವೂ ಇರಲಿಲ್ಲ. ಅಂಗಡಿಯಲ್ಲೇ ಉಳಿದಿದ್ದ ಕಂಪ್ಯೂಟರ್ ತರಲು ವಿಜಯಪುರಕ್ಕೆ ಹೋದೆ. ರಫೀಕ್ ಭಾಯ್ ಅದನ್ನು ಒರೆಸಿ ಇಟ್ಟಿದ್ದರು. ಚಾದರ ಕಟ್ಟಿಕೊಡುತ್ತ, ನನ್ನ ಕಡೆ ನೋಡದೆ ಕೇಳಿದರು:

"ಒಂದ್ ಮಾತ ಕೇಳ್ಲೇನ್ರಿ ಅಕ್ಕಾರ? ಆ ಸಪ್ಪಳ ಭಾಳ ತ್ರಾಸ ಕೊಡ್ತಿತ್ತೇನ್ರಿ? ಅಬ್ಬಾಗ ಕೇಳೂದು ಆಗಲೇ ಇಲ್ಲ."

"ಇಲ್ಲ ತಮ್ಮಾ" ಎಂದೆ. "ಸಣ್ಣಗ ಇರ್ತೈತಿ. ರೂಢಿ ಆಗಿಬಿಡತೈತಿ."

ಅವರು ತಲೆ ಆಡಿಸಿ ಗಂಟು ಬಿಗಿದರು.

ನಾನು ಯಾರ ಮುಲಾಜಿಗೂ ಸುಳ್ಳು ಹೇಳುವವಳಲ್ಲ, ಊರಲ್ಲಿ ಅದಕ್ಕೇ ಹೆಸರಾದವಳು. ಆದರೆ ಅವತ್ತು ಅಂದದ್ದು ಶುದ್ಧ ಸುಳ್ಳು. ಅದು ಸಣ್ಣಗಿರುವುದಿಲ್ಲ, ರೂಢಿಯೂ ಆಗುವುದಿಲ್ಲ. ನಮಗೊಬ್ಬರಿಗೇ ಕೇಳುವುದನ್ನು ಮನೆಯವರು ಇಲ್ಲವೆಂದು ನಕ್ಕಾಗ ಎಷ್ಟು ಒಂಟಿ ಅನ್ನಿಸುತ್ತದೆ ಎಂಬುದು ನನಗೆ ಗೊತ್ತು, ಅವರ ಅಬ್ಬಾಗೆ ಗೊತ್ತಿತ್ತು. ನನ್ನ ಜೀವ ಉಳಿಸಿದವರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಅವರು ಮತ್ತೆ ಕೇಳಿದರೂ ಸಣ್ಣಗಿತ್ತು ಎಂದೇ ಹೇಳುತ್ತೇನೆ.