ತಪ್ಪೊಪ್ಪಿಕೊಂಡ ಶಾಮಣ್ಣ

ಶಾಮಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಎಂತೆಂಥ ಖದೀಮರನ್ನು ಬಿಡಿಸಿಕೊಂಡು ಬಂದ ವಕೀಲ ನಾನು. ಒಂದು ಚಾಕೊಲೇಟು ಕದ್ದ ಈ ಮನುಷ್ಯನನ್ನು ಉಳಿಸಲಾಗಲಿಲ್ಲ.

ಊರಿನ ಒಂದು ಸಣ್ಣ ದೇವಸ್ಥಾನದಲ್ಲಿ ಪ್ರಸಾದದ ಅಡುಗೆ ಅವರದು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಬೆಳಗ್ಗೆ ಪೊಂಗಲ್ ಹಂಚುವಾಗ ಇನ್ನೊಂದು ಚೂರು ಹಾಕಿ ಎನ್ನುವ ಜನರ ಜೊತೆ ಆಡಿದ್ದೇ ಮಾತು. ಆಮೇಲೆ ಮರುದಿನದವರೆಗೂ ಬಾಯಿಗೆ ಬೀಗ. ಸಂಜೆ ಹೊತ್ತು ಹೋಗದೆ ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಸೂಪರ್ ಮಾರ್ಕೆಟ್ಟಿನಲ್ಲಿ ಅದೂ ಇದೂ ನೋಡುತ್ತಾ ಅಡ್ಡಾಡುತ್ತಿದ್ದರು.

ಒಂದು ಸಲ ಆಸೆಯಾಗಿ ಚಾಕೊಲೇಟು ತೆಗೆದುಕೊಂಡರು. ಬಿಲ್ ಹಾಕುವ ಹುಡುಗಿ ಸ್ಪಂದನ, “ಯಾರ್ಗೆ ಐನೋರೆ, ಮೊಮ್ಮಗನ್ಗಾ?” ಎಂದಳು. ಪಾಪ, ಅಕ್ಕರೆಯಿಂದಲೇ ಕೇಳಿದ್ದು. ಶಾಮಣ್ಣ ಹೂಂ ಅಂದುಬಿಟ್ಟರು. ಆಮೇಲೆ ಅವಳು ಕಂಡಾಗಲೆಲ್ಲ ಮೊಮ್ಮಗ ಹೇಗಿದ್ದಾನೆ, ಯಾವ ಸ್ಕೂಲು ಎಂದು ವಿಚಾರಿಸತೊಡಗಿದಳು. ಇಲ್ಲದ ಮೊಮ್ಮಗನನ್ನು ಸಾಕಿ ಸಾಕಾಗಿ, ಮುಂದಿನ ಸಲ ಚಾಕೊಲೇಟನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು, ಉಪ್ಪಿನ ಪೊಟ್ಟಣಕ್ಕೆ ಮಾತ್ರ ಬಿಲ್ ಹಾಕಿಸಿ ಹೊರಟರು. ದುಡ್ಡು ಜೇಬಿನಲ್ಲೇ ಇತ್ತು. ಎಲ್ಲವೂ ಕ್ಯಾಮೆರಾದಲ್ಲಿ ಕಂಡಿತ್ತು, ಮ್ಯಾನೇಜರು ಪೊಲೀಸರನ್ನು ಕರೆದ.

ಕಳ್ಳತನದ ಕೇಸು ದಾಖಲಾಯಿತು. ಕೇಸು ರಾಜಿಯಾದರೆ ಅಡುಗೆಮನೆ ಶಾಮಣ್ಣನದೇ, ಶಿಕ್ಷೆಯಾದರೆ ಮಾತ್ರ ಇಟ್ಟುಕೊಳ್ಳಲಾಗದು ಎಂದು ದೇವಸ್ಥಾನದ ಸಮಿತಿಯವರು ಮೊದಲೇ ಹೇಳಿದ್ದರು. ನಾನು ಅಂಗಡಿ ಮಾಲೀಕರ ಕೈಕಾಲು ಹಿಡಿದು ರಾಜಿಗೆ ಒಪ್ಪಿಸಿದೆ. ಮುಂದಿನ ತಾರೀಖಿಗೆ ಬಂದು ಸಹಿ ಹಾಕುತ್ತೇನೆಂದರು. ಅಲ್ಲಿಯವರೆಗೆ ಶಾಮಣ್ಣ ಮಾಡಬೇಕಿದ್ದದ್ದು ಒಂದೇ, ಜಡ್ಜು ಏನೇ ಕೇಳಿದರೂ ನಮ್ಮ ವಕೀಲರು ಹೇಳ್ತಾರೆ ಎನ್ನುವುದು. ಗಿಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದೆ.

ಮೊದಲ ವಿಚಾರಣೆಯ ದಿನ ಜಡ್ಜು ಆರೋಪ ಓದಿ, ತಪ್ಪು ಮಾಡಿದ್ದು ಹೌದೇ ಎಂದು ಕೇಳಿದರು. ನಾನು ಎದ್ದು ಬಾಯಿ ತೆರೆಯುವಷ್ಟರಲ್ಲಿ ಶಾಮಣ್ಣ ಕೈಮುಗಿದು, “ತಪ್ಪಾಯ್ತು ಸ್ವಾಮಿ, ನಾನೇ ತಗೊಂಡೆ” ಅಂದರು. ಜಡ್ಜು ಒಳ್ಳೆಯವರು. ಯೋಚಿಸಿ ಹೇಳಿ, ಒಪ್ಪಿಕೊಂಡರೆ ಶಿಕ್ಷೆಯಾಗುತ್ತದೆ ಎಂದರು. ಶಾಮಣ್ಣ ಮತ್ತೊಮ್ಮೆ ಕೈಮುಗಿದರು. ಮೊದಲ ತಪ್ಪು, ಸಣ್ಣ ಮಾಲು, ಅದೂ ವಾಪಸ್ಸು ಸಿಕ್ಕಿದೆ ಎಂದು ಜೈಲಿಗೆ ಕಳಿಸದೆ, ಹೊಸ ಕಾನೂನಿನಂತೆ ಸಮುದಾಯ ಸೇವೆಯ ಶಿಕ್ಷೆ ಕೊಟ್ಟರು. ಒಂದು ವಾರ ಸರ್ಕಾರಿ ಆಸ್ಪತ್ರೆಯ ಆವರಣ ಗುಡಿಸಬೇಕು.

ಹೊರಗೆ ಬಂದವನೇ ರೇಗಿದೆ. ಅವರಿಗೆ ಆಶ್ಚರ್ಯ. ದೇವಸ್ಥಾನದಲ್ಲೇ ಬೆಳೆದವರು. ಅಲ್ಲಿ ತಪ್ಪಾದರೆ ದೇವರ ಮುಂದೆ ಒಪ್ಪಿಕೊಂಡು, ಹುಂಡಿಗೆ ತಪ್ಪು ಕಾಣಿಕೆ ಹಾಕಿದರೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತುವುದಿಲ್ಲ. ಕೋರ್ಟೂ ಹಾಗೇ ಅಂದುಕೊಂಡು, ದಂಡದ ದುಡ್ಡನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದರು.

“ಒಪ್ಕೊಂಡ ಮೇಲೂ ಆ ತಪ್ಪು ಹಾಗೇ ಇರತ್ತಾ, ವಿಜಯೇಂದ್ರ?”

ಇರತ್ತೆ ಅಂದೆ.

ಸಮಿತಿಯವರು ಅಡುಗೆಮನೆಯ ಬೀಗದ ಕೈ ಕೇಳಿದರು. ಶಾಮಣ್ಣ ಕೊಟ್ಟುಬಿಟ್ಟರು. ಪಾತ್ರೆ ತೊಳೆದು ಬೋರಲು ಹಾಕಿ ಬಂದರಂತೆ. ಮರುದಿನದಿಂದ ಆಸ್ಪತ್ರೆಯಲ್ಲಿ ಗುಡಿಸಿದರು. ಅರಕೆರೆ, ಬೆಳಗೊಳ ಕಡೆಯಿಂದ ಬಂದು ಜಗಲಿಯ ಮೇಲೆ ಕಾದು ಕುಳಿತವರು, ಕಾಫಿ ಆಯ್ತಾ, ಬಿಸಿಲಲ್ಲಿ ಯಾಕೆ ಗುಡಿಸ್ತೀರಿ ಎಂದು ಅವರನ್ನು ಮಾತಾಡಿಸುತ್ತಿದ್ದರು. ಅವರ್ಯಾರಿಗೂ ಶಿಕ್ಷೆಯ ವಿಷಯ ಗೊತ್ತಿರಲಿಲ್ಲ.

ಕೊನೆಯ ದಿನ ನಾನೂ ಹೋಗಿದ್ದೆ. ಆಸ್ಪತ್ರೆಯ ಗುಡಿಸುವವರ ಮೇಸ್ತ್ರಿ ಚಿಕ್ಕಮಾದಯ್ಯ ಪೊರಕೆ ಕೇಳಿದರೆ ಶಾಮಣ್ಣ ಕೊಡಲೊಲ್ಲರು. ನಾಳೆಯೂ ಬರುತ್ತೇನೆ, ಸಂಬಳ ಗಿಂಬಳ ಬೇಡ ಎಂದು ಕೇಳಿಕೊಂಡರು.

“ಕೋರ್ಟ್ನೋರು ಏಳಿದ್ದು ಇವತ್ಗೆ ಮುಗೀತಲ್ಲ ಐನೋರೆ. ಇನ್ ಬರೋಂಗಿಲ್ಲ, ಮನೇಗೋಗಿ,” ಎಂದ ಚಿಕ್ಕಮಾದಯ್ಯ.

ಶಾಮಣ್ಣ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು.

“ಇನ್ನೊಂದು ವಾರ ಶಿಕ್ಷೆ ಹಾಕ್ಸೋಕಾಗತ್ತಾ, ವಿಜಯೇಂದ್ರ?”

ತಮಾಷೆ ಇರಬೇಕೆಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.